ಮೂರು ಗಂಟೆ ನೀರು

ಆಗ ನನಗೆ ಹತ್ತೊಂಬತ್ತು ವರ್ಷ. ಈಗ ಎಪ್ಪತ್ತು ದಾಟಿದೆ, ಅಂದರೆ ಐವತ್ತು ವರ್ಷದ ಮೇಲಿನ ಮಾತು. ಇಷ್ಟಾದರೂ ಯಾರಾದರೂ "ಕಾಫಿಗೆ ಎಷ್ಟು ನೀರಿಡಲಿ" ಅಂತ ಕೇಳಿದರೆ ಇವತ್ತಿಗೂ ಎದ್ದು ಹಿತ್ತಲಿಗೆ ಹೋಗಿಬಿಡುತ್ತೇನೆ. ಅಡಿಗೆ ಬಲ್ಲವರೆಲ್ಲ ಅಳತೆ ಹೇಳೋದರಲ್ಲಿ ಕಳ್ಳರು. "ಒಂದಿಷ್ಟು ಹಾಕು, ಹದ ನೋಡ್ಕೊಂಡು ಇಳಿಸು" ಅಂತಾರೆ. ಹದ ಗೊತ್ತಿದ್ದರೆ ನಾನ್ಯಾಕೆ ಅವರನ್ನ ಕೇಳಲಿ? ನನ್ನ ಆಯುಸ್ಸಿನಲ್ಲಿ ಒಬ್ಬಳೇ ಒಬ್ಬಳು ಸರಿಯಾಗಿ ಅಳತೆ ಹೇಳಿದಳು. ಅದರಿಂದಲೇ ನಾನು ಕೆಟ್ಟೆ.

ನಾನು ಹೊಳವನಹಳ್ಳಿ ಕಡೆಯವಳು, ಮದುವೆಯಾಗಿ ಮಧುಗಿರಿಗೆ ಬಂದೆ. ನಮ್ಮ ಯಜಮಾನರು ಅಲ್ಲಿ ಸ್ಕೂಲು ಮೇಷ್ಟ್ರು, ಆದರೆ ಹಂಗಾಮಿ. ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಪಾತ್ರೆಪಡಗ ಕಟ್ಟಿಕೊಂಡು ಮಾವನವರ ಮನೆಗೆ. ಅಲ್ಲಿ ಆಗಲೇ ಮೂವರು ಓರಗಿತ್ತಿಯರು ಒಂದೇ ಒಲೆಗೆ ಕಿತ್ತಾಡುತ್ತಿದ್ದರು. ನಾಲ್ಕನೆಯವಳಾಗಿ ಹೋಗೋ ಆಸೆ ನನಗೆ ಚೂರೂ ಇರಲಿಲ್ಲ. ಹೀಗಿರುವಾಗ ಒಂದು ಸಂಜೆ ಯಜಮಾನರು ಬೆವರುತ್ತಾ ಬಂದು, "ಲೇ, ನಾಳೆ ಒಂಬತ್ತಕ್ಕೆ ಇನ್ಸ್‌ಪೆಕ್ಟರು ನಮ್ಮನೇಗೇ ಬರ್ತಾರಂತೆ. ಕಾಫಿ ಕುಡಿದೇ ಸ್ಕೂಲಿಗೆ ಹೋಗೋದಂತೆ" ಅಂದರು. ಕೈಯಲ್ಲಿ ಕಾಫಿಪುಡಿಯ ಪೊಟ್ಟಣ ಇತ್ತು. ಆ ಪುಡಿಯ ಬಣ್ಣ ನಾನು ನೋಡಿದ್ದೇ ಅವತ್ತು.

ನಾಲ್ಕು ಮನೆ ಆಚೆ ರತ್ನಕ್ಕ ಅಂತ ಪಾವಗಡದ ಹೆಂಗಸು ಇದ್ದಳು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ದಿನಾ ಕಾಫಿ ಕುಡಿಯೋಳು, ಅದರ ಜಂಬವೂ ಇತ್ತು. ಹೋಗಿ ಕೇಳಿದೆ. "ಅದೇಮಿ ಪೆದ್ದ ಪನಿ, ದೊಡ್ಡ ಕೆಲಸವಾ ಕಣಮ್ಮ? ಮೂರು ಗಂಟೆ ನೀಳ್ಳು, ಒಂದು ಗಂಟೆ ಪುಡಿ. ಬಟ್ಟೇಲಿ ಸೋಸು, ಹಾಲು ಬೆಲ್ಲ ಹಾಕು. ಅಂತೇ, ಅಷ್ಟೇ!" ಅಂದಳು. ನನ್ನ ಮುಖ ನೋಡಿ, "ತಿಳೀತಾ?" ಅಂತಲೂ ಕೇಳಿದಳು. "ಅಷ್ಟೂ ತಿಳಿಯಾಕಿಲ್ವಾ ನಂಗೆ" ಅಂತ ಸೆರಗು ಕೊಡವಿಕೊಂಡು ಎದ್ದು ಬಂದುಬಿಟ್ಟೆ.

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ತಾಲೂಕು ಕಚೇರಿಯಲ್ಲಿ ಜವಾನ ಹೊಡೆಯೋ ಗಂಟೆಯೇ ಬೀದಿಗೆಲ್ಲ ಗಡಿಯಾರ. ಒಂಬತ್ತಕ್ಕೆ ಕಾಫಿ ಆಗಬೇಕು; ಪುಡಿಗೆ ಒಂದು ಗಂಟೆ, ನೀರಿಗೆ ಮೂರು ಗಂಟೆ; ಹಾಗಾದರೆ ಐದಕ್ಕೆ ಒಲೆ ಹಚ್ಚಬೇಕು. ಈ ಲೆಕ್ಕ ಹಾಕಿಕೊಟ್ಟವರು ಯಜಮಾನರೇ. ಬೆರಳು ಮಡಿಸಿ ಎರಡು ಸಲ ತಾಳೆ ನೋಡಿದರು. ಎಷ್ಟು ನೀರು ಅಂತ ರತ್ನಕ್ಕ ಹೇಳಿರಲಿಲ್ಲವಲ್ಲ, ಇರಲಿ ಅಂತ ತಪ್ಪಲೆ ತುಂಬಾ ಇಟ್ಟೆ. ಆರು ಹೊಡೆಯಿತು, ನೀರು ಕುದಿಯುತ್ತಿತ್ತು. ಏಳು ಹೊಡೆಯೋ ಹೊತ್ತಿಗೆ ಅರ್ಧ ತಪ್ಪಲೆ. "ರೀ, ನೀರು ಇಂಗಿ ಹೋಗ್ತಾ ಅದೆ, ಒಂದು ಚೆಂಬು ಸುರೀಲಾ?" ಅಂದೆ. "ಬ್ಯಾಡ ಕಣೇ! ಹೊಸಾ ನೀರು ಹಾಕಿದ್ರೆ ಅದಕ್ಕೆ ಮತ್ತೆ ಮೂರು ಗಂಟೆ ಬೇಕಾಗ್ತದೆ" ಅಂದರು. ಮೇಷ್ಟ್ರ ಮಾತು, ಎದುರಾಡಲಿಲ್ಲ. "ಯಾವುದಕ್ಕೂ ರತ್ನಕ್ಕನ್ನ ಒಂದು ಮಾತು ಕೇಳಿ ಬಾ" ಅಂತಲೂ ಅವರೇ ಅಂದರು. ನಾಲ್ಕೇ ಮನೆ. ನಾನು ಹೋಗಲಿಲ್ಲ. ಹಾಗೆ ಸೆರಗು ಕೊಡವಿ ಬಂದವಳು ಯಾವ ಮುಖ ಇಟ್ಟುಕೊಂಡು ಹೋಗೋದು? ಇಲ್ಲೇ ಬೆಳೆಯೋ ತೊಗರಿಬೇಳೆ ಬೇಯೋಕೇ ಅಷ್ಟು ಹೊತ್ತು ಬೇಕು, ಎಲ್ಲೋ ಬೆಟ್ಟದ ಸೀಮೆಯಿಂದ ಬರೋ ಬೀಜಕ್ಕೆ ಇನ್ನೂ ಹೊತ್ತು ಬೇಡವಾ ಅಂತ ನನಗೆ ನಾನೇ ಹೇಳಿಕೊಂಡೆ. ಎಂಟು ಹೊಡೆದಾಗ ತಳದಲ್ಲಿದ್ದ ನೀರಿಗೆ ಪೊಟ್ಟಣ ಪೂರ್ತಿ ಸುರಿದೆ. ಒಂಬತ್ತಕ್ಕೆ ಅದು ಗಾಡಿಯ ಕೀಲೆಣ್ಣೆ ಥರ ಆಗಿತ್ತು. ಬಟ್ಟೆಯಲ್ಲಿ ಇಳಿಯದೆ ಹಿಂಡಬೇಕಾಯಿತು.

ಇನ್ಸ್‌ಪೆಕ್ಟರು ರುಮಾಲು ಸುತ್ತಿದ ದಪ್ಪ ಆಸಾಮಿ. ಒಂದು ಗುಟುಕು ಕುಡಿದರು. ಮುಖ ಅಲ್ಲಾಡಲಿಲ್ಲ, ಕಣ್ಣಲ್ಲಿ ಮಾತ್ರ ನೀರು ಬಂತು. "ಮೇಷ್ಟ್ರೇ, ಇದನ್ನ ಹೆಂಗೆ ಮಾಡಿದ್ದು?" ಯಜಮಾನರು ಬಾಗಿಲ ಕಡೆ ನೋಡಿದರು. ಬಾಗಿಲ ಹಿಂದಿನಿಂದ ನಾನೇ, "ಮೂರು ಗಂಟೆ ನೀರು, ಒಂದು ಗಂಟೆ ಪುಡಿ ಸ್ವಾಮಿ" ಅಂದೆ.

"ಯಾರಮ್ಮ ಹೇಳಿದ್ದು ನಿಂಗೆ?"

"ಪಾವಗಡದೋರು."

ಲೋಟ ಕೆಳಗಿಟ್ಟರು. "ಆ ಊರಲ್ಲಿ ಎರಡು ವರ್ಷ ಇದ್ದೆ ಕಣಮ್ಮ. ಅಲ್ಲಿಯೋರಿಗೆ ಗಂಟೆ ಅಂದ್ರೆ ಸೌಟು! ಮೂರು ಸೌಟು ನೀರು, ಒಂದು ಸೌಟು ಪುಡಿ." ಆಮೇಲೆ ಯಜಮಾನರ ಕಡೆ ತಿರುಗಿ, "ಆಯಮ್ಮನಿಗೆ ಗೊತ್ತಿಲ್ಲ, ಸರಿ. ನೀವು ಮನೇಲಿರಲಿಲ್ವಾ?" ಅಂದರು. ನಮ್ಮವರಿಗೆ ಸುಳ್ಳು ಹೇಳೋಕೆ ಬರೋದಿಲ್ಲ. "ಇದ್ದೆ ಸ್ವಾಮಿ. ಗಂಟೆ ಎಣಿಸಿದ್ದು ನಾನೇ."

"ನೀರನ್ನ ಗಡಿಯಾರದಲ್ಲಿ ಅಳೆಯೋ ಮೇಷ್ಟ್ರು! ಮಕ್ಕಳಿಗೆ ಇನ್ನೇನು ಕಲಿಸಿದ್ದೀರೋ, ನಡೀರಿ ನೋಡೋಣ" ಅಂತ ಎದ್ದೇಬಿಟ್ಟರು.

ಅವತ್ತು ನಾನು ಊಟ ಮಾಡಲಿಲ್ಲ. ಅಳುತ್ತಾ ಕೂರೋದರಿಂದ ಏನೂ ಆಗೋದಿಲ್ಲ ಅಂತ ಪಾತ್ರೆಗಳನ್ನ ಇಳಿಸಿ, ಒಂದರೊಳಗೊಂದು ಹಾಕಿ, ಹಳೇ ಸೀರೆಯಲ್ಲಿ ಮೂಟೆ ಕಟ್ಟೋಕೆ ಶುರು ಮಾಡಿದೆ. ಹೊರಗೆ ಯಾರಾದರೂ ಕೆಮ್ಮಿದರೂ ಕೈ ನಿಂತುಹೋಗೋದು. ಸಂಜೆ ಯಜಮಾನರು ಬಂದು ಆ ಮೂಟೆಯ ಮೇಲೇ ಕೂತರು.

"ಏನಾಯ್ತು, ಬಾಯಿ ಬುಡ್ರೀ!"

"ಮಕ್ಕಳಿಗೆ ಒಂದೇ ಪ್ರಶ್ನೆ ಹಾಕಿದ್ರು. ನೀರನ್ನ ಯಾವುದರಲ್ಲಿ ಅಳೀತಾರೆ ಅಂತ."

"ಅಯ್ಯೋ! ಏನಂದ್ವು?"

"ಸೇರು, ಪಾವು, ಚಟಾಕು ಅಂತ ಇಡೀ ಕ್ಲಾಸು ಕೂಗಿತು. ಅದಕ್ಕೆ ಅವರು, 'ಮೇಷ್ಟ್ರಿಗಿಂತ ಮಕ್ಕಳು ವಾಸಿ. ಇವರನ್ನ ಇಲ್ಲೇ ಇರಿಸಿದರೆ ಮಕ್ಕಳಿಂದಾದರೂ ಕಲೀತಾರೆ' ಅಂದು ಕಾಯಂ ಅಂತ ಬರೆದುಬುಟ್ರು ಕಣೇ."

"ಹಂಗಾದ್ರೆ ಏಳ್ರಿ ಮೇಲೆ, ಪಾತ್ರೆ ನೆಗ್ಗೋಗ್ತವೆ" ಅಂದೆ.

ಮಾರನೆ ದಿನ ಬೆಳಿಗ್ಗೆ ನೆಟ್ಟಗೆ ರತ್ನಕ್ಕನ ಮನೆಗೆ ಹೋದೆ. "ಏಮಮ್ಮ, ಕಾಫಿ ಎಟ್ಲಾ ಆಯ್ತು?" ಅಂದಳು. "ನೀವು ಹೇಳ್ದಂಗೇ ಮಾಡ್ದೆ ರತ್ನಕ್ಕ. ಕುಡಿದ್ರು, ಕೆಲಸ ಕಾಯಂ ಮಾಡಿದ್ರು" ಅಂದೆ. ಅವಳು ಹಿಗ್ಗಿಹೋದಳು. "ಸ್ವಲ್ಪ ನಿಮ್ಮ ಗಂಟೆ ಕೊಡಿ" ಅಂದೆ. ಒಲೆ ಪಕ್ಕದಿಂದ ಸೌಟು ತೆಗೆದುಕೊಟ್ಟಳು. ಅದನ್ನ ಸೆರಗಲ್ಲಿ ಮುಚ್ಚಿಕೊಂಡು ಮನೆಗೆ ತಂದು, ಬಾಗಿಲು ಹಾಕಿ, ಮೂರು ಸಲ ನೀರು ಅಳೆದು ಒಲೆ ಮೇಲಿಟ್ಟೆ. ಯಜಮಾನರು ಹೊಸ ಪೊಟ್ಟಣ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಅಳತೆ ಸರಿ. ಎಷ್ಟು ಹೊತ್ತು ಕುದಿಸಬೇಕಂತೆ?" ಅಂದರು. ಅದನ್ನ ನಾನು ಕೇಳಿಕೊಂಡು ಬಂದಿರಲಿಲ್ಲ. ಮತ್ತೆ ಹೋಗಿ ಕೇಳೋದುಂಟೇ? ನೀರನ್ನ ಹಿತ್ತಲ ಗಿಡಕ್ಕೆ ಚೆಲ್ಲಿ, ಸೌಟು ವಾಪಸು ಕೊಡೋಕೆ ಹೋದರೂ ಕಾಫಿ ಮಾತು ಬರುತ್ತದಲ್ಲ ಅಂತ ಅದನ್ನ ಬೆಳಗಿ ನಮ್ಮ ಗೋಡೆಗೇ ನೇತುಹಾಕಿದೆ.