ಉಲ್ಕಾನಾಥನ ಸೂತಕ

ಸೇಲಂ ಪಟ್ಟಣದಲ್ಲಿ ಮನುಷ್ಯ ಬದುಕಬೇಕಾದರೆ ಏನು ಬೇಕು ಎಂದು ಗೋವಿಂದರಾಜುವನ್ನು ಕೇಳಿದರೆ ಅವನು ಅನ್ನ, ನೀರು, ಸೂರು ಎನ್ನುತ್ತಿರಲಿಲ್ಲ. ಆ ಮೂರೂ ಕೈಗೆಟುಕದಷ್ಟು ತುಟ್ಟಿಯಾಗಿದ್ದವು. ಸಿಗದ ವಸ್ತುವಿನ ಹೆಸರು ಹೇಳಿ ಬಾಯಿ ನೋಯಿಸಿಕೊಳ್ಳುವುದೇಕೆ? ಅವನು ಹೇಳುತ್ತಿದ್ದ ಹೆಸರು ಒಂದೇ: ಉಲ್ಕಾನಾಥ.

ಉಲ್ಕಾನಾಥನೆಂದರೆ ಬೆಂಗಳೂರಿನ ಒಂದು ಕನ್ನಡ ಮಾಸಿಕದ ಆಕಾಶ ಪತ್ತೇದಾರ. ಶನಿಗ್ರಹದಲ್ಲಿ ಕಳ್ಳತನವಾಗಲಿ, ಬುಧಗ್ರಹದಲ್ಲಿ ಕೊಲೆಯಾಗಲಿ, ಮಿನುಗುವ ಅಂಗಿ ತೊಟ್ಟು ಹೊರಟೇಬಿಡುತ್ತಿದ್ದ. ಸಿನಿಮಾ ನಟರಿಗೆಲ್ಲ ಬೀದಿಗೊಂದು ರಸಿಗರ್ ಮನ್ರಂ ಎಂಬ ಅಭಿಮಾನಿ ಸಂಘ ಇರುವಾಗ ಈ ಮಹಾನುಭಾವನಿಗೆ ಒಂದೂ ಇಲ್ಲವಲ್ಲ ಎಂದು ಮರುಗಿ ಗೋವಿಂದರಾಜು 'ಅಖಿಲ ಸೇಲಂ ಉಲ್ಕಾನಾಥ ಅಭಿಮಾನಿ ಮಹಾಮಂಡಲಿ'ಯನ್ನು ಸ್ಥಾಪಿಸಿದ್ದ. ಅಧ್ಯಕ್ಷನೂ ಕಾರ್ಯದರ್ಶಿಯೂ ಅವನೇ. ಹೆಂಡತಿ ವಾಣಿ ಖಜಾಂಚಿ. (ಖಜಾನೆ ಇರಲಿಲ್ಲ.)

ಮಂಡಲಿಗೆ ಇದ್ದ ಕೊರತೆ ಸಣ್ಣದು. ಅಧ್ಯಕ್ಷರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಲ್ಲಂಪಳ್ಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಕಲಿತವನು ಅವನು. ವಾಣಿ ಕೊಳ್ಳೇಗಾಲದ ಚಿಕ್ಕಮ್ಮನ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಕನ್ನಡ ಓದಿದ್ದಳು. ಹಾಗಾಗಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅವಳು ಕಾಲು ಚಾಚಿ ಓದುವುದು, ಅವನು ಬಾಯಿ ತೆರೆದು ಕೇಳುವುದು. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ ಟ್ರಂಕಿನಲ್ಲಿಡುತ್ತಿದ್ದವಳೂ ಅವಳೇ. ಹೊದಿಕೆ ಬಿಚ್ಚಕೂಡದು ಎಂಬುದು ಮಂಡಲಿಯ ಮೊದಲ ನಿಯಮ. (ಸೂಚಿಸಿದವರು ಖಜಾಂಚಿ.)

ಮೂರು ವರ್ಷದ ಹಿಂದೆ ಅವನು ಗುಮಾಸ್ತನಾಗಿದ್ದ ನೂಲಿನ ಮಿಲ್ಲು ಮುಚ್ಚಿತು. ಗೋವಿಂದರಾಜು ಗೋಡೆಗೆ ಮುಖ ಮಾಡಿ ಮಲಗಿದವನು ಏಳಲಿಲ್ಲ, ಉಣ್ಣಲಿಲ್ಲ. ಹಗ್ಗ ಇದ್ದ ಮೂಲೆಯಿಂದ ವಾಣಿ ಹಗ್ಗವನ್ನು ತೆಗೆದು ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಕೊನೆಗೆ ಭಾನುವಾರ ಬಂತು, ಅವಳು ಓದಿದಳು, ಅವನು ಈ ಕಡೆ ತಿರುಗಿದ. ಈಗ ಜವ್ವರಿಸಿ, ಅಂದರೆ ಸಾಬಕ್ಕಿ, ಗೋಡೌನಿನಲ್ಲಿ ಅರ್ಧ ಸಂಬಳಕ್ಕೆ ಬಿಲ್ಲು ಬರೆಯುತ್ತಾನೆ. ಮನೆ ಓನರ್ ಪೊನ್ನುಸ್ವಾಮಿ ಪೊಂಗಲ್ ಬಂದಾಗಲೆಲ್ಲ ಬಾಡಿಗೆ ಏರಿಸುತ್ತಾನೆ.

ಈ ಸಲದ ಏರಿಕೆ ಕೇಳಿದಾಗ ಗೋವಿಂದರಾಜುವಿಗೆ ಭಾರೀ ಉಪಾಯವೊಂದು ಹೊಳೆಯಿತು. ಉಲ್ಕಾನಾಥನ ಕತೆಯನ್ನು ತಾನೇ ಯಾಕೆ ಬರೆಯಬಾರದು? ತಾನು ಹೇಳುವುದು, ವಾಣಿ ಬರೆಯುವುದು, ಬಂದ ಹಣ ಪೊನ್ನುಸ್ವಾಮಿಯ ಬಾಯಿಗೆ ಹಾಕುವುದು. ಅವಳಿಗೆ ಹೇಳದೆ, ಗೋಡೌನಿನ ಟೈಪಿಸ್ಟನ ಕೈಯಲ್ಲಿ ಇಂಗ್ಲಿಷಿನಲ್ಲಿ ಪ್ರಕಾಶಕರಿಗೆ ಪತ್ರ ಹೊಡೆಸಿದ: ಹೋದ ತಿಂಗಳ ಸಂಚಿಕೆಯವರೆಗೆ ಎಲ್ಲವೂ ನನ್ನ ಬಳಿ ಇವೆ, ಅವಕಾಶ ಕೊಡಿ.

ಉತ್ತರದ ಬದಲು ಸಂಪಾದಕ ಹರಿಪ್ರಸಾದರೇ ಬಸ್ಸು ಹತ್ತಿ ಬಂದರು.

"ಹೋದ ತಿಂಗಳ ಸಂಚಿಕೆ ಅಂತ ಬರೆದಿದ್ದೀರಿ," ಎಂದರು ಅವರು, ಮುರುಕು ಕುರ್ಚಿಯಲ್ಲಿ ಜಾಗ್ರತೆಯಾಗಿ ಕೂತು. "ಅದನ್ನು ನೋಡೋಣ ಅಂತ."

ಕಾಫಿ ತರುತ್ತಿದ್ದ ವಾಣಿ ಬಾಗಿಲಲ್ಲೇ ನಿಂತುಬಿಟ್ಟಳು.

"ಓದ ತಿಂಗ್ಳದ್ದಾ? ಸೂಪರ್ ಸಾರ್!" ಗೋವಿಂದರಾಜು ಎದ್ದೇ ನಿಂತ. "ಚಂದ್ರಲೋಕದಾಗೆ ವಾಡಗೆ ಮನೆ ಸಿಗ್ದೆ ಉಲ್ಕಾನಾಥ ಅಲೀತಾನಲ್ಲ! ಓನರಮ್ಮ, ದಿನಕ್ಕೆ ಎರಡೇ ಕೊಡ ನೀರು ಅಂತಾಳೆ. ಇವ್ನು ಕೊಲೆಗಾರನ್ನ ಇಡ್ಕಂಡು ಬಂದ್ರೆ, ಗೆಸ್ಟ್ ಬಂದವ್ರೆ, ಎಕ್ಸ್ಟ್ರಾ ಕೊಡು ಅಂತಾಳೆ!"

ಹರಿಪ್ರಸಾದ್ ನಕ್ಕರು. "ಆಮೇಲೆ?" ಎಂದರು. ಅವನು ಹೇಳಿದ. ಮತ್ತೊಂದು ಕತೆ ಕೇಳಿದರು, ಅದನ್ನೂ ಹೇಳಿದ. ಉಲ್ಕಾನಾಥ ಕೆಲಸ ಕಳೆದುಕೊಂಡು ರಾಕೆಟ್ಟಿನೊಳಗೆ ಗೋಡೆಗೆ ಮುಖ ಮಾಡಿ ಮಲಗುವ ಕತೆ ಬಂದಾಗ ಸಂಪಾದಕರು ಕನ್ನಡಕ ತೆಗೆದು ಒರೆಸಿಕೊಂಡರು.

"ಗೋವಿಂದರಾಜು, ನಮ್ಮ ಪತ್ರಿಕೆ ನಿಂತು ಮೂರು ವರ್ಷವಾಯಿತು. ಕೊನೆಯ ಸಂಚಿಕೆಯಲ್ಲಿ ಉಲ್ಕಾನಾಥ ಸತ್ತುಹೋದ."

"ಚಾನ್ಸೇ ಇಲ್ಲ ಸಾರ್!" ಗೋವಿಂದರಾಜು ಟ್ರಂಕು ಎಳೆದ. ಮಂಡಲಿಯ ಮೊದಲ ನಿಯಮವನ್ನು ಅಧ್ಯಕ್ಷರೇ ಮುರಿದು ಹೊದಿಕೆ ಹರಿದರು. ಹರಿಪ್ರಸಾದ್ ಒಂದೊಂದಾಗಿ ಗಟ್ಟಿಯಾಗಿ ಓದಿದರು. 'ಕಾಫಿ ಕಾಯಿಕೊರಕ ಹುಳುವಿನ ನಿವಾರಣೆ.' 'ಮೆಣಸಿನ ಬಳ್ಳಿಯ ಸೊರಗು ರೋಗ.' 'ಸುಲಭ ಉಪ್ಪಿನಕಾಯಿಗಳು.'

"ಏನಮ್ಮಿ ಇದು?"

"ಮಿಲ್ಲು ಮುಚ್ಚಿದ ತಿಂಗ್ಳೇ ಅವ್ನೂ ಸತ್ತೋದ," ಎಂದಳು ವಾಣಿ. "ನೀನು ನೋಡಿದ್ರೆ ಗೋಡೆ ಕಡೆ ಮನ್ಗಿದ್ದೀಯ. ಎಂಗೇಳ್ಲಿ? ಪಳೆ ಪೇಪರ್ ಅಂಗ್ಡೀಲಿ ಯಾವ ಕನ್ನಡ ಪುಸ್ತಕ ಸಿಕ್ತೋ ಅದ್ನ ಇಡ್ಕಂಡು ಬಾಯಿಗೆ ಬಂದಂಗೆ ಓದ್ದೆ. ಒಂದ್ ತಿಂಗ್ಳು ಸಾಕು ಅನ್ಕಂಡೆ. ನೀನು ಬಿಡ್ಬೇಕಲ್ಲ!"

ಗೋವಿಂದರಾಜು ನೆಲದ ಮೇಲೆ ಕುಸಿದು ಕೂತ. ಅವನಿಗೆ ಮೋಸ ಹೋದೆನೆಂಬ ಸಿಟ್ಟು ಬರಲಿಲ್ಲ. ಸಾವಿನ ದುಃಖ ಬಂತು, ನಿಜವಾದ ದುಃಖ. ಸ್ವಲ್ಪ ಹೊತ್ತಿಗೆ ಎದ್ದ.

"ನೀರು ತೋಡು. ತಲೆಗೆ ಸ್ನಾನ ಮಾಡ್ಬೇಕು. ಸಾವಿನ ಸುದ್ದಿ ಕೇಳಿ ಅಂಗೇ ಕುಂತ್ಕಂಡಿರ್ಲಾ?"

"ಮೂರ್ ವರ್ಸದ ಸಾವಿಗೆ ಒಂದ್ ಚೊಂಬು ಸಾಕು. ಲಾರಿ ನೀರು ಬರೋದು ಗುರುವಾರ."

ಅವನು ಹಿತ್ತಲಲ್ಲಿ ನಿಂತು ಒಂದೇ ಚೊಂಬು ಸುರಿದುಕೊಂಡು ಗೊಳೋ ಎಂದು ಅತ್ತ. ಸದ್ದು ಕೇಳಿ ಪೊನ್ನುಸ್ವಾಮಿ ಗೋಡೆಯಾಚೆಯಿಂದ ಇಣುಕಿ, "ಯಾರಪ್ಪಾ ಪೋಯಿಟ್ಟಾಂಗ?" ಎಂದ. ಹೋದವರು ತುಂಬಾ ಬೇಕಾದವರು ಎಂದು ತಿಳಿದು "ಪಾವಂ, ಪಾವಂ" ಎಂದು ಮರುಗಿದ. ತಿಥಿಗೆ ಜನ ಬಂದರೆ ನೀರಿಗೆ ಬೇರೆ ದುಡ್ಡು ಎಂದೂ ಹೇಳಿ ಹೋದ.

ಒದ್ದೆ ತಲೆಯಲ್ಲಿ ಒಳಗೆ ಬಂದರೆ ಹರಿಪ್ರಸಾದ್ ವಾಣಿಯ ಜೊತೆ ಮಾತಾಡುತ್ತಿದ್ದರು. ದೀಪಾವಳಿಗೆ ಪತ್ರಿಕೆ ಮತ್ತೆ ಶುರುವಾಗುತ್ತದೆ, ಹಳೆಯ ಲೇಖಕರು ಒಲ್ಲೆ ಎಂದಿದ್ದಾರೆ, ತಿಂಗಳ ಬಾಡಿಗೆ ಹುಟ್ಟುವಷ್ಟು ಸಂಭಾವನೆ ಕೊಡುತ್ತೇವೆ. ಅವಕಾಶ ಕೇಳಿ ಪತ್ರ ಬರೆದವನ ಕಡೆ ಅವರು ತಿರುಗಿಯೂ ನೋಡಲಿಲ್ಲ.

"ಉಲ್ಕಾನಾಥನನ್ನು ಬದುಕಿಸಿಕೊಡಿ ತಾಯಿ."

"ನೋಡಣ ಸಾರ್. ಮೂರ್ ವರ್ಸ ಎಳ್ದು ಸಾಕಾಗೈತೆ. ಸತ್ತೋನು ಸತ್ತಂಗೇ ಇದ್ರೆ ವಾಸಿ. ಬೆಳಿಗ್ಗೆ ಎದ್ರೆ ಬೀದಿ ಪಂಪಲ್ಲಿ ನೀರಿಗೆ ನಿಲ್ಬೇಕು. ಬರೆಯಾಕೆ ಒತ್ತು ಎಲ್ಲೈತೆ?"

"ನಾ ನಿಂತ್ಕತೀನಿ!" ಎಂದು ಅಧ್ಯಕ್ಷರು ಕೂಗಿದರು. "ವಾಣಿ, ಅವ್ನ ಸಾಯಿಸ್ಬೇಡ ಕಣಮ್ಮಿ, ನೀರು ನಾ ತತ್ತೀನಿ!"

ಅಂದಿನಿಂದ ಗೋವಿಂದರಾಜು ಬೆಳಗಾಗುತ್ತಲೇ ಹೆಂಗಸರ ಸಾಲಿನಲ್ಲಿ ಎರಡು ಪ್ಲಾಸ್ಟಿಕ್ ಕೊಡ ಹಿಡಿದು ನಿಲ್ಲುತ್ತಾನೆ. ಲೇಖಕಿಯವರು ಪ್ರತಿ ತಿಂಗಳೂ ಉಲ್ಕಾನಾಥನನ್ನು ಯಾವುದಾದರೂ ಪ್ರಪಾತದ ಅಂಚಿಗೆ ನೇತುಹಾಕಿ ಪೆನ್ನು ಮುಚ್ಚುತ್ತಾರೆ. ಮುಂದೇನು ಎಂದು ಕೇಳಿದರೆ, "ಕೊಡ ತುಂಬೈತಾ?" ಎನ್ನುತ್ತಾರೆ.

ಮೊನ್ನೆ ಸಾಲಿನಲ್ಲಿ ಪಕ್ಕದ ಮನೆ ಚೆಲ್ಲಮ್ಮನ ಜೊತೆ ಜಗಳವಾಗಿ, ಅವನ ಸರದಿ ಬರುವಷ್ಟರಲ್ಲಿ ಪಂಪು ನಿಂತಿತು. ಒಂದು ಕೊಡ ಖಾಲಿಯೇ ಬಂತು. ವಾಣಿ ಅದನ್ನು ನೋಡಿದಳು, ಬರೆಯಲು ಕೂತಳು.

ಭಾನುವಾರ ಅವಳು ಓದಿದಾಗ ಉಲ್ಕಾನಾಥ ಪ್ರಪಾತದಿಂದ ಮೇಲೆ ಬಂದಿದ್ದ. ಅವನ ಎಡಗಾಲು ಬಂದಿರಲಿಲ್ಲ. ಮಾರನೆಯ ದಿನ ಗೋವಿಂದರಾಜು, ಬಲಗಾಲಾದರೂ ಉಳಿಯಲಿ ಎಂದು, ಕೋಳಿ ಕೂಗುವುದಕ್ಕೆ ಮೊದಲೇ ಕೊಡ ಎತ್ತಿಕೊಂಡು ಹೊರಟ.