ಬೂಟು ಬಿಟ್ಟು ಓಡಿದ ಸೇನಾಪತಿ

ಈ ಸಲದ ಚುಸೋಕ್ ಸುಗ್ಗಿಹಬ್ಬಕ್ಕೆ ಮಾವನ ಮನೆಯಲ್ಲಿ ಬಾಂಗ್ ದುಸಿಕ್ ಎಂಬ ಹೆಸರು ಗುಡುಗಬೇಕು! ಹೀಗಂತ ದುಸಿಕ್ ಘೋರ ಪ್ರತಿಜ್ಞೆ ಮಾಡಿದ್ದು ಬಚ್ಚಲುಮನೆಯಲ್ಲಿ, ಬಾಯ್ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಹಾಗಾಗಿ ಪ್ರತಿಜ್ಞೆ ಏನೆಂದು ಹೊರಗಿದ್ದ ಹೆಂಡತಿಗೆ ತಿಳಿಯಲಿಲ್ಲ. "ಬಿಸಿನೀರು ಬರ್ತಿಲ್ವೇನ್ರೀ?" ಎಂದು ಕೇಳಿದಳು.

ಈ ಶೌರ್ಯ ಉಕ್ಕಿದ್ದು ಹೊಟ್ಟೆಕಿಚ್ಚಿನಿಂದ. ಮುಚ್ಚುಮರೆ ಯಾಕೆ?

ಅವನ ಆಫೀಸಿನಲ್ಲಿ, ಪಕ್ಕದ ಮೇಜಿನಲ್ಲೇ, ನಾಮ್‌ಗುಂಗ್ ಹ್ಯೋನ್ ಅಂತ ಒಬ್ಬ ಮಹಾಶಯನಿದ್ದ. ಇಬ್ಬರಿಗೂ ಒಂದೇ ಹುಚ್ಚು, ಹಳೆಯದೊಂದು ಯುದ್ಧದ ಕಂಪ್ಯೂಟರ್ ಆಟದ್ದು. ಅದರಲ್ಲಿ ಆಡುವವರೇ ತಮ್ಮ ಸ್ವಂತ ಯುದ್ಧ ಕಟ್ಟಬಹುದು. ಚರಿತ್ರೆಯಿಂದ ಒಂದು ಕೋಟೆ ಆರಿಸಿ, ನಕ್ಷೆ ಬರೆದು, ಸೇನಾಪತಿಗಳನ್ನು ನಿಲ್ಲಿಸಿ, ಧೈರ್ಯಕ್ಕಿಷ್ಟು ಬುದ್ಧಿಗಿಷ್ಟು ಅಂತ ನೂರಕ್ಕೆ ಅಂಕ ಹಾಕಿ ಬಿಟ್ಟರೆ ಸಾಕು, ಊರವರೆಲ್ಲ ಇಳಿಸಿಕೊಂಡು ಆಡುತ್ತಾರೆ. ನಾಮ್‌ಗುಂಗ್ ಹಾಗೆ ಕಟ್ಟಿದ್ದು ಹಗಮ್ ಕೋಟೆಯ ಯುದ್ಧ. ಜಪಾನಿನ ದಂಡು ಕೊರಿಯಾಕ್ಕೆ ನುಗ್ಗಿದ ಕಾಲದಲ್ಲಿ ಯಾಂಗ್ ಸೋಕ್ಚಾನ್ ಎಂಬ ಸೇನಾಪತಿ ಹಿಡಿ ಜನರನ್ನು ಕಟ್ಟಿಕೊಂಡು ಕೋಟೆ ಕಾದ ಕಥೆ. ಆಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು!

ಊರು ಹೊಗಳಲಿ, ಹಾಳಾಗಿ ಹೋಗಲಿ. ಆದರೆ ಗಂಡ ಗೋಗರೆದರೂ ಆ ಆಟದ ಕಡೆ ತಿರುಗಿಯೂ ನೋಡದ ಓಕ್ಜು, ಅವನ ಸ್ವಂತ ಹೆಂಡತಿ, ನಾಮ್‌ಗುಂಗ್‌ನ ಯುದ್ಧ ಆಡುತ್ತ ಕೂತುಬಿಟ್ಟಳು. ಒಲೆ ಮೇಲಿನ ಸಾರು ಸೀದರೂ ಏಳಲಿಲ್ಲ. ಕಣ್ಣಲ್ಲಿ ನೀರು ಬೇರೆ!

"ಎಷ್ಟು ಚೆನ್ನಾಗಿ ಮಾಡಿದ್ದಾರ್ರೀ ನಾಮ್‌ಗುಂಗ್ ಅವರು!"

"ಮಾಡಿದ್ದಾರೆ! ಅವರು! ನಾನು ಬಾಲ್ಕನಿಯ ನಲ್ಲಿ ರಿಪೇರಿ ಮಾಡಿದಾಗ ಒಂದು ಹನಿ ಕಣ್ಣೀರು ಹಾಕಿದ್ಯಾ?"

"ಹಾಕಿದ್ದೆ. ಮನೆಯೆಲ್ಲ ನೀರು ನಿಂತಿತ್ತಲ್ಲ, ಅವತ್ತು. ಅದಿರ್ಲಿ, ಈ ಸೇನಾಪತಿಗಳು ಯಾರು ಗೊತ್ತೇನ್ರೀ? ಇವರು ನಮ್ಮ..."

"ನಮ್ಮದೂ ಬೇಡ, ನಿಮ್ಮದೂ ಬೇಡ! ಇನ್ನೊಂದ್ಸಲ ಈ ಮನೇಲಿ ಆ ಸೇನಾಪತಿ ಸುದ್ದಿ ಎತ್ತಿದ್ರೆ ನಾನು ಊಟಾನೇ ಮಾಡಲ್ಲ!"

"ಸಾರು ಹೇಗೂ ಸೀದೋಯ್ತು, ಬಿಡಿ" ಎಂದು ಓಕ್ಜು ಮತ್ತೆ ಕೋಟೆ ಕಾಯಲು ಹೋದಳು.

ಸತ್ತು ನಾಲ್ಕು ನೂರು ವರ್ಷ ಆದ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭದ ಕೆಲಸವೇ? ದುಸಿಕ್ ಪಟ್ಟ. ಅವನನ್ನು ಮೆರೆಸಿದ ನಾಮ್‌ಗುಂಗ್ ಮೇಲೆ ಅದರ ಎರಡರಷ್ಟು ಪಟ್ಟ. ಹೆಂಡತಿ ಬಾಯಲ್ಲಿ ಒಂದೇ ಒಂದು ಸಲ "ಭಲೇ" ಅನ್ನಿಸಿಕೊಳ್ಳದಿದ್ದರೆ ತಾನು ಗಂಡಸೇ ಅಲ್ಲ ಅಂತ ಅದೇ ಹಗಮ್ ಕೋಟೆಯ ಯುದ್ಧವನ್ನು ತಾನೂ ಕಟ್ಟಲು ಕೂತ.

ಅದೇನು ಯುದ್ಧ! ಯಾಂಗ್ ಸೋಕ್ಚಾನ್‌ಗೆ ಧೈರ್ಯ ಏಳು, ಬುದ್ಧಿ ನಾಲ್ಕು. ನಾಲ್ಕೂ ಜಾಸ್ತಿಯಾಯಿತೇನೋ ಅಂತ ಸ್ವಲ್ಪ ಹೊತ್ತು ಯೋಚಿಸಿದ. ಶತ್ರುವಿನ ನಗಾರಿ ಕೇಳಿದ್ದೇ ತಡ, ಸೇನಾಪತಿ "ಅಮ್ಮಾ!" ಅಂತ ಕಿರುಚಿ, ಬೂಟು ಬಿಟ್ಟು, ಬರಿಗಾಲಲ್ಲಿ ಹಿತ್ತಲ ಬಾಗಿಲಿಂದ ಪರಾರಿ! ಆಗ ಕುದುರೆ ಏರಿ ಬರುವವರೇ ಬಾಂಗ್ ವಂಶದ ಮೂಲಪುರುಷರು. ಅವರು ಆ ಕೋಟೆಗೆ ಕುದುರೆ ಹುಲ್ಲು ಹೊರುತ್ತಿದ್ದರು ಅಂತ ದುಸಿಕ್‌ನ ಅಪ್ಪ ಹೇಳಿದ್ದುಂಟು. ಹುಲ್ಲಿನ ವಿಷಯ ಕೈಬಿಟ್ಟು ಧೈರ್ಯ ನೂರು, ಬುದ್ಧಿ ನೂರು ಕೊಟ್ಟ. ನೂರರ ಮೇಲೆ ಹಾಕಲು ಯಂತ್ರ ಒಪ್ಪಲಿಲ್ಲ.

"ಏನ್ರೀ ಅದು ಗುಟ್ಟು?" ಎಂದು ಓಕ್ಜು ಇಣುಕಿದರೆ ತಟ್ಟನೆ ಮುಚ್ಚಿ, "ಹಬ್ಬದ ದಿನ ನಿಮ್ಮಪ್ಪನ ಮುಂದೆ ನೋಡುವೆಯಂತೆ!" ಎಂದು ಮೀಸೆ ತಿರುವಿದ. ಮೀಸೆ ಇರಲಿಲ್ಲ, ಜಾಗ ತಿರುವಿದ.

ಹಬ್ಬದ ದಿನ ಬೆಳಿಗ್ಗೆ ತನ್ನ ಮನೆಯ ಪೂಜೆ ಮುಗಿಸಿ, ಮಧ್ಯಾಹ್ನ ಹೆಂಡತಿಯ ತೌರಿಗೆ ಹೋದ. ಅಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಸಮೇತ ಯಾಂಗ್ ಕುಟುಂಬವೇ ನೆರೆದಿತ್ತು. ಕುಟುಂಬ ಕಟ್ಟುನಿಟ್ಟಿನದು. ಗತಿಸಿದ ಹಿರಿಯರ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲ, ಬಿರುದಿನಿಂದಲೇ ಕರೆಯಬೇಕು. ಪ್ರತಿ ಹಬ್ಬದಲ್ಲೂ ಮಾವ "ನಮ್ಮ ಸೊಂಗೊಕ್ ಅಜ್ಜ ಇದ್ದರಲ್ಲ..." ಅಂತ ಒಂದು ಕಥೆ ಶುರುಮಾಡುತ್ತಿದ್ದರು. ಆ ಹೊತ್ತಿಗೆ ಅಳಿಯನ ಗಮನವೆಲ್ಲ ಎಲುಬಿನ ಮಾಂಸದ ಬಟ್ಟಲಿನ ಮೇಲಿರುತ್ತಿತ್ತು.

ಊಟವಾಯಿತು. ದುಸಿಕ್ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ, ಗಂಟಲು ಸರಿಮಾಡಿಕೊಂಡು, "ಮಾವ, ನಿಮ್ಮ ಅಳಿಯನ ಕೈಚಳಕ ನೋಡಿ!" ಎಂದ. ಪರದೆಯ ಮೇಲೆ ಹಗಮ್ ಕೋಟೆ ಎದ್ದು ನಿಂತಿತು.

"ಆಹಾ! ನಮ್ಮ ಅಜ್ಜನ ಕೋಟೆ!" ಎಂದು ಮಾವ ಕೂಗಿದರು. ದೊಡ್ಡಪ್ಪ ಅಂಗಿಯ ಗುಂಡಿ ಹಾಕಿಕೊಂಡು ಮಂಡಿಯೂರಿ ಕೂತರು. ಅತ್ತೆ ಕೈ ಒರೆಸಿಕೊಂಡು ಅಡುಗೆಮನೆಯಿಂದ ಓಡಿಬಂದರು. "ಸೊಂಗೊಕ್ ಅಜ್ಜನ ಆಟ ಮಾಡಿದ್ದಾರೆ ನಮ್ಮ ಅಳಿಯಂದ್ರು! ಬಂಗಾರದಂಥವರು!"

"ಯಾವ ಅಜ್ಜ?" ದುಸಿಕ್ ಹೆಂಡತಿಯ ಕಿವಿಯಲ್ಲಿ ಕೇಳಿದ.

"ಅಯ್ಯೋ, ಸೊಂಗೊಕ್ ಅಜ್ಜ ಅಂದ್ರೆ ಯಾಂಗ್ ಸೋಕ್ಚಾನ್ ಅವರೇ ಕಣ್ರೀ. ನಮ್ಮ ಮೂಲಪುರುಷರು. ಅವತ್ತು ಹೇಳೋಕೆ ಬಂದ್ರೆ ಊಟ ಬಿಡ್ತೀನಿ ಅಂತ ಕೂಗಾಡಿದ್ರಲ್ಲ!" ಓಕ್ಜು ಅಷ್ಟೇ ಮೆಲ್ಲಗೆ ಹೇಳಿ ಅವನ ಕೈ ಅದುಮಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ನನಗೋಸ್ಕರ ಇಷ್ಟೆಲ್ಲ ಮಾಡಿದ್ರಾ? ಭಲೇ, ನನ್ನ ಗಂಡ!"

ಬಂತು ನೋಡಿ, ಬಯಸಿ ಬಯಸಿ ಕಾದ ಭಲೇ! ಪರದೆಯಲ್ಲಿ ನಗಾರಿ ಶುರುವಾಯಿತು. ದುಸಿಕ್ ಹಾರಿಹೋಗಿ ಗೋಡೆಯಲ್ಲಿ ಕಂಡ ಪ್ಲಗ್ಗನ್ನು ಕಿತ್ತ. ಕಿಮ್ಚಿ ಉಪ್ಪಿನಕಾಯಿಯ ಫ್ರಿಜ್ ಗೊರ್ ಎಂದು ನಿಂತಿತು. ಟಿ.ವಿ. ನಿಲ್ಲಲಿಲ್ಲ.

"ಅಮ್ಮಾ!" ಎಂದು ಕಿರುಚಿ ಸೇನಾಪತಿ ಬರಿಗಾಲಲ್ಲಿ ಓಡಿದ. ಹಿಂದೆ ಎರಡು ಬೂಟು ಉಳಿದವು. ಧೈರ್ಯ ಏಳು, ಬುದ್ಧಿ ನಾಲ್ಕು ಅಂತ ದಪ್ಪಕ್ಷರ ಬೇರೆ.

ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದನ್ನ ಮಾಡಿದ್ದು ಯಾರು?"

"ನಾಮ್‌ಗುಂಗ್!" ದುಸಿಕ್ ಒದರಿದ. "ನನ್ನ ಪಕ್ಕದ ಮೇಜಿನವನು! ಎಲ್ಲಾ ಅವನೇ! ಹೊಗಳಿಕೆ, ಕೀರ್ತಿ, ಎಲ್ಲಾ ಅವನಿಗೇ ಸೇರಬೇಕು ಮಾವ!" ಜೀವಮಾನದಲ್ಲಿ ಮೊದಲ ಸಲ ನಾಮ್‌ಗುಂಗ್‌ಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚೇ ಸಲ್ಲಿಸಿದ.

ಅಷ್ಟರಲ್ಲಿ ಕುದುರೆ ಏರಿ ಬಾಂಗ್ ಮೂಲಪುರುಷರು ಬಂದರು. ಅವರ ತಲೆಯ ಮೇಲೆ ಚಿನ್ನದಕ್ಷರ ಮಿನುಗಿತು: "ರಚನೆ: ಬಾಂಗ್ ದುಸಿಕ್, ವೀರ ಬಾಂಗ್ ವಂಶದ ಕುಡಿ!"

ದೊಡ್ಡಪ್ಪ ಮಂಡಿಯೂರಿದ ಕಾಲು ಬಿಡಿಸಿ ಮೇಲೆದ್ದರು. ಚಿಕ್ಕಪ್ಪನೂ ಎದ್ದರು. ದುಸಿಕ್ ನೋಡಿದ, ಲೆಕ್ಕ ಹಾಕಿದ, ಅಡುಗೆಮನೆಗೆ ನುಗ್ಗಿ, ಪಲ್ಯದ ತಟ್ಟೆ ದಾಟಿ, ಹಿತ್ತಲ ಬಾಗಿಲಿಂದ ಪರಾರಿಯಾದ! ಪರ್ಸಿಮನ್ ಮರದ ಹಿಂದೆ ನಿಂತು ಉಸಿರು ಬಿಟ್ಟಾಗ ಕಾಲಿಗೆ ಚುರುಕ್ ಎಂದಿತು. ಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲವಲ್ಲ, ಬೂಟು ಮುಂಬಾಗಿಲಲ್ಲೇ ಉಳಿದಿತ್ತು.

ಓಕ್ಜು ಆ ಬೂಟುಗಳನ್ನು ಎರಡು ಬೆರಳಲ್ಲಿ ತೂಗಾಡಿಸುತ್ತ ಹಿತ್ತಲಿಗೆ ಬಂದಳು. ಅವಳ ಹಿಂದೆ ಯಾಂಗ್ ಕುಟುಂಬ ಪೂರ್ತಿ ಬಾಗಿಲಲ್ಲಿ ಇಣುಕುತ್ತಿತ್ತು.

"ರೀ, ಅಂಕ ಎಲ್ಲಾ ಸರಿಯಾಗೇ ಹಾಕಿದ್ದೀರಿ" ಎಂದಳು. "ಹೆಸರು ಮಾತ್ರ ಅದಲುಬದಲಾಗಿದೆ!"