ನಲವತ್ತು ಪ್ರಶ್ನಾವಳಿ, ಇಪ್ಪತ್ತಮೂರು ಖಣ

ಚುನಾವಣೆಯ ಹಂಗಾಮಿನಲ್ಲಿ ಕೈಯಲ್ಲಿ ಹಾಳೆ, ಪೆನ್ನು ಹಿಡಿದು ನಮ್ಮ ಕಡೆ ತಿರುಗಾಡುವವರಿಗೆ ದಿನಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ನನಗೆ ಒಂದು ವಾರದಲ್ಲಿ ಆದದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ. ಪರೀಕ್ಷೆಯ ಉತ್ತರ ಬಿಟ್ಟರೆ ನಾನು ಈ ಮೊದಲು ಏನನ್ನೂ ಬರೆದವಳಲ್ಲ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುವ ಚಟ. ಗೊತ್ತಿದ್ದವರು ಮುಂದಿನ ಸಾಲಿಗೆ ಹೋಗಬಹುದು.

ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಬೆಟಗೇರಿಯಲ್ಲಿ. ಗದಗ ಮತ್ತು ಬೆಟಗೇರಿ ಸೇರಿ ಒಂದೇ ಊರು, ಆದರೂ ನಾವು ಹಳಿ ದಾಟಿ ಆ ಕಡೆ ಹೋದರೆ "ಗದಗಿಗೆ ಹೋಗಿದ್ದೆ" ಅನ್ನುತ್ತೇವೆ. ಕೊನೆಯ ಸೆಮಿಸ್ಟರಿಗೆ ಒಂದು ಪ್ರಬಂಧ ಬರೆಯಬೇಕು. ಅದಕ್ಕಾಗಿ ನಲವತ್ತು ಮನೆಗಳಿಗೆ ಹೋಗಿ, ಎಂಟು ಪ್ರಶ್ನೆ ಕೇಳಿ, ಮತದಾರರ ಅಭಿಪ್ರಾಯ ಬರೆದುಕೊಂಡು ಬರಬೇಕೆಂದು ನನ್ನ ಮಾರ್ಗದರ್ಶಕರು ಹೇಳಿದರು. ಅದೂ ಮತದಾನದ ಮೊದಲೇ. "ಫಲಿತಾಂಶ ಬಂದ ಮೇಲೆ ಕೇಳಿದರೆ ಎಲ್ಲರೂ ಗೆದ್ದವರಿಗೇ ಹಾಕಿರುತ್ತಾರೆ" ಎಂದರು. ನಲವತ್ತು ತುಂಬದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಒಂದು ವರ್ಷ ಹೋಯಿತು. ನಮ್ಮ ಮನೆಯಲ್ಲಿ ಎಂ.ಎ. ವರೆಗೆ ಬಂದವಳು ನಾನೊಬ್ಬಳೇ ಆದ್ದರಿಂದ ಆ ಒಂದು ವರ್ಷ ಎಲ್ಲರ ಎದೆಯ ಮೇಲೂ ಕೂತಿತ್ತು.

೧. ನಮ್ಮ ಓಣಿ

ಗುರುತಿನವರು ಬೇಗ ಹೇಳುತ್ತಾರೆ ಎಂದು ನಮ್ಮ ಓಣಿಯಿಂದಲೇ ಶುರು ಮಾಡಿದೆ. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದರು. ನನ್ನ ಕೈಯ ಹಾಳೆ ನೋಡಿ ಕೇಳಿದರು, "ನೀರು ಎಷ್ಟೊತ್ತಿಗೆ ಬಿಡ್ತೀರಿ?"

"ನಾ ನೀರಿನಾಕಿ ಅಲ್ರಿ ಅಜ್ಜಾರ, ಓದಾಕಿ."

"ಓದು, ಯಾರು ಬ್ಯಾಡ ಅಂತಾರ. ನೀರು ಎಷ್ಟೊತ್ತಿಗೆ?"

ಎರಡನೆಯದು ನೇಕಾರರ ಮನೆ. ವಿದ್ಯುತ್ ಮಗ್ಗ ಓಡುವಾಗ ಎಷ್ಟು ಸದ್ದಾಗುತ್ತದೆಂದರೆ ಪಕ್ಕದಲ್ಲಿ ನಿಂತವರ ತುಟಿ ನೋಡಿಯೇ ಮಾತು ತಿಳಿಯಬೇಕು. ನಾನು ಇದ್ದ ದನಿಯೆಲ್ಲ ಒಟ್ಟುಮಾಡಿ, "ಕಾಕಾ, ಈ ಸಲ ಚುನಾವಣ್ಯಾಗ ಯಾರ ನಿಲ್ಲಬೇಕಂತೀರಿ?" ಎಂದು ಕೂಗಿದೆ. ನಾನು ಏನೋ ಹೇಳುತ್ತಿದ್ದೇನೆಂದು ಅವರು ಅದೇ ಕ್ಷಣಕ್ಕೆ ಮಗ್ಗ ನಿಲ್ಲಿಸಿದರು. ನನ್ನ ಕೂಗು ಮಾತ್ರ ನಿಲ್ಲದೆ ಓಣಿಯ ಆ ತುದಿಯವರೆಗೆ ಹೋಯಿತು. ನಾಲ್ಕು ಮನೆಯವರು ಹೊರಗೆ ಬಂದು ನಿಂತರು. ನನಗೆ ನಾಚಿಕೆಯಾಗಿ ಮನೆಗೆ ಬಂದುಬಿಟ್ಟೆ. ಅಂದು ತುಂಬಿದ ಪ್ರಶ್ನಾವಳಿ ಒಂದೂ ಇಲ್ಲ.

ಸಂಜೆ ಎದುರು ಮನೆಯವರು ಬಂದು ಅಪ್ಪನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಕೇಳಿದರು. "ಮಗಳು ನಿಂತಾಳಂತಲ್ಲ, ಮೊದಲ ಹೇಳಬಾರದೇನ್ರಿ? ಗುರುತು ಯಾವುದು ಕೊಟ್ಟಾರ?"

೨. ಶಿರಹಟ್ಟಿಯ ಬಳಗ

ಹುಡುಗಿ ಒಬ್ಬಳೇ ತಿರುಗುವುದು ಬೇಡವೆಂದು ಅಪ್ಪ ತಮ್ಮ ಅಕ್ಕನನ್ನು, ಅಂದರೆ ನನ್ನ ಸೋದರತ್ತೆಯನ್ನು, ಜೊತೆ ಮಾಡಿದರು. ಅತ್ತೆ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಸ್ಸಿನಲ್ಲಿ ಕೂತ ಕೂಡಲೇ ಕೇಳಿದಳು, "ಈ ಹಾಳಿ ತುಂಬಲಿಲ್ಲ ಅಂದ್ರ ಏನಾಕ್ಕೈತಿ?"

"ಒಂದು ವರ್ಷ ಹೋಕ್ಕೈತಿ ಅತ್ತಿ."

ಅತ್ತೆ ಕಿಟಕಿಯ ಹೊರಗೆ ನೋಡಿದಳು. "ನನ್ನದೂ ಒಂದು ವರ್ಷ ಅಂತನ ಬಿಡಿಸಿದ್ರು. ಮುಂದ ಯಾರೂ ಕರಕೊಂಡು ಹೋಗಿ ಕುಂಡ್ರಿಸಲಿಲ್ಲ. ನೀ ಅಂಜಬ್ಯಾಡ, ತುಂಬೂಣು."

ಶಿರಹಟ್ಟಿಯಲ್ಲಿ ಮೊದಲ ಬಾಗಿಲು ಬಡಿದವಳು ಅತ್ತೆಯೇ. "ಯವ್ವಾ, ಒಂದು ತಂಬಿಗಿ ನೀರು ಕೊಡ್ತಿಯೇನು?" ನೀರು ಬಂತು. ಅತ್ತೆ ಕೂತಳು. "ತವರಮನಿ ಯಾವೂರು?" ಬಾಳೆಹೊಸೂರ ಎಂದಳು ಮನೆಯಾಕೆ. "ಬಾಳೆಹೊಸೂರಾಗ ಯಾರ ಪೈಕಿ?" ಐದು ನಿಮಿಷದಲ್ಲಿ ಆಕೆ ಅತ್ತೆಯ ನಾದಿನಿಯ ಓರಗಿತ್ತಿಯ ತಂಗಿ ಎಂದು ಗೊತ್ತಾಯಿತು. ನನಗೆ ಖುಷಿಯಾಯಿತು, ಇನ್ನು ಮನಸ್ಸು ಬಿಚ್ಚಿ ಹೇಳುತ್ತಾರೆ ಎಂದುಕೊಂಡು ಪೆನ್ನು ತೆಗೆದೆ.

ಆಕೆ ನಕ್ಕಳು. "ಮನಿ ಮಗಳಿಗೆ ನಾ ಏನು ಹೇಳೂದೈತಿ? ಓದಿದಾಕಿ, ನೀನ ಛಲೋ ನೋಡಿ ಬರಕೋ. ನಂದೇನ ತಕರಾರಿಲ್ಲ."

ಹಾಗೆ ಬರೆಯುವಂತಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಭಿಪ್ರಾಯ ಅವರದ್ದೇ ಆಗಬೇಕು. ಮೂರು ಮನೆಗಳಲ್ಲಿ ಹೀಗೇ ಆಯಿತು. ಪರಿಚಯವಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ, ಬಳಗವಾದರೆ ತಮ್ಮ ಅಭಿಪ್ರಾಯವನ್ನು ನಮಗೇ ಬಿಟ್ಟುಕೊಡುತ್ತಾರೆ. ಕಡೆಗೆ ನಾನು ಒಂದು ಕರಾರು ಹಾಕಿದೆ. ಎಂಟೂ ಪ್ರಶ್ನೆ ಮುಗಿಯುವ ತನಕ ಅತ್ತೆ ಯಾರ ತವರುಮನೆಯನ್ನೂ ಕೇಳಬಾರದು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದಳು. ನಾನು ಪೆನ್ನಿನ ಮುಚ್ಚಳ ಹಾಕುವುದೊಂದೇ ತಡ, "ತವರಮನಿ ಯಾವೂರವ್ವಾ?"

ಬಳಗ ಹತ್ತಿದ ಮೇಲೆ ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲ. ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಮೇಲೊಂದು ಖಣ ಇಟ್ಟು ಉಡಿ ತುಂಬುತ್ತಾರೆ. ಖಣ ಎಂದರೆ ಕುಪ್ಪಸಕ್ಕೆ ಸಾಕಾಗುವಷ್ಟು ಬಟ್ಟೆ. ಹೀಗೆ ನನ್ನ ಒಂದೊಂದು ಪ್ರಶ್ನಾವಳಿ ತುಂಬಿದಂತೆ ಅತ್ತೆಯ ಚೀಲದಲ್ಲೂ ಒಂದೊಂದು ಖಣ ಬೀಳುತ್ತ ಹೋಯಿತು.

ಕೊನೆಯ ಮನೆಯಾಕೆ ಬೀದರ ಕಡೆಯಿಂದ ಬಂದ ಸೊಸೆ. ಅಲ್ಲಿ ಬಳಗ ಸಿಗಲಾರದು, ಬೇಗ ಏಳಬಹುದು ಎಂದು ನಾನು ನಿಶ್ಚಿಂತಳಾಗಿದ್ದೆ. ಅತ್ತೆಗೆ ಹತ್ತಿದ್ದು ಮೂರು ನಿಮಿಷ.

೩. ಲಕ್ಷ್ಮೇಶ್ವರದ ಬಳೆ ಅಂಗಡಿ

ಲಕ್ಷ್ಮೇಶ್ವರದಲ್ಲಿ ಸಂತೆಗೆ ಬಂದ ಹೆಣ್ಣುಮಕ್ಕಳು ಯಾರೂ ನಿಲ್ಲಲು ತಯಾರಿಲ್ಲ. ಬಿಸಿಲಿಗೆ ಸಾಕಾಗಿ ಒಂದು ಬಳೆ ಅಂಗಡಿಯ ನೆರಳಿಗೆ ನಿಂತೆವು. ಅಂಗಡಿಯ ಚಾಚಾ ಬಿಳಿಗಡ್ಡದವರು. ಅವರ ಅಜ್ಜನ ಕಾಲದಿಂದಲೂ ಬಳೆ ತೊಡಿಸುವುದೇ ಕೆಲಸವಂತೆ. ಅತ್ತೆ ಅವರ ಮುಂದೆ ನನ್ನ ಕಷ್ಟ ತೋಡಿಕೊಂಡಳು.

ಚಾಚಾ ನನ್ನ ಹಾಳೆ ಇಸಿದುಕೊಂಡು ಮೇಲಿಂದ ಕೆಳಗೆ ಓದಿದರು. "ಮಂದಿ ನಿಂದ್ರೂದಿಲ್ಲ ಅಂತಿ. ನನ್ನ ಮುಂದ ಕುಂತಾಕಿ ಎದ್ದು ಹೆಂಗ ಹೋಗ್ತಾಳವ್ವಾ, ಕೈ ನನ್ನ ಕಡೆ ಇರತೈತಿ. ಇಲ್ಲೇ ಬಾಜೂಕ ಕುಂಡ್ರು."

ಗಾಜಿನ ಬಳೆ ತೊಡಿಸುವುದು ಅವಸರದ ಕೆಲಸವಲ್ಲ. ಬೆರಳೆಲ್ಲ ಒಟ್ಟು ಹಿಡಿದು, ಹೆಬ್ಬೆರಳ ಗೆಣ್ಣು ಮಡಿಚಿ, ಒಂದೊಂದಾಗಿ ಏರಿಸಬೇಕು. ಚಾಚಾ ಕೈ ಹಿಡಿದು ಪ್ರಶ್ನೆಯನ್ನೂ ತಾವೇ ಕೇಳತೊಡಗಿದರು. "ಬೇಟಾ, ಮನ್ಯಾಗ ಯಾರು ಹೇಳಿದವರಿಗೆ ವೋಟ ಹಾಕ್ತಿ? ಕೈ ಸಡ್ಲ ಬಿಡು. ಖರೆ ಹೇಳು, ಬಳಿ ಒಡಿಯೂದಿಲ್ಲ." ಎಲ್ಲರೂ ಖರೆಯನ್ನೇ ಹೇಳಿದರು. ಸಂಜೆಯೊಳಗೆ ಹದಿನೈದು ತುಂಬಿದವು. ಚಾಚಾ ನನಗೂ ಒಂದು ಡಜನ್ ಹಸಿರು ಬಳೆ ತೊಡಿಸಿ, "ಪಾಸಾದ ಮ್ಯಾಲ ಬಂದು ಹೇಳು" ಎಂದಷ್ಟೇ ಹೇಳಿ ಕಳಿಸಿದರು.

ಆದರೆ ಕೆಲವರ ಬಳೆ ಬೇಗ ಏರಿ ಮುಗಿದು, ಪ್ರಶ್ನೆಯೂ ಅಲ್ಲಿಗೇ ನಿಂತಿತ್ತು. ಆಮೇಲೆ ಮಾರ್ಗದರ್ಶಕರು ಕನ್ನಡಕ ಏರಿಸಿ ಕೇಳಿದರು. "ಲಕ್ಷ್ಮೇಶ್ವರದ ನಾಲ್ಕೈದು ಜನ ಏಳನೇ ಪ್ರಶ್ನೆಗೇ ಬಿಟ್ಟಿದ್ದಾರಲ್ಲ, ಅವರಿಗೆ ರಾಜಕೀಯದಲ್ಲಿ ಆಸಕ್ತಿ ಕಡಿಮೆಯೇ?"

"ಇಲ್ಲ ಸರ್," ಎಂದೆ. "ಅವರ ಕೈ ಸಣ್ಣದಿತ್ತು."

೪. ಮುಂಡರಗಿಯ ಗಂಡ ಹೆಂಡತಿ

ಮುಂಡರಗಿಯಲ್ಲಿ ಅತ್ತೆಯ ದೂರದ ಬಳಗದ ಮನೆಯೊಂದರಲ್ಲಿ ಇಳಿದುಕೊಂಡೆವು. ಗಂಡ ಹೆಂಡತಿ ಇಬ್ಬರೇ, ಅರವತ್ತು ದಾಟಿದವರು. ಅಂಗಳದಲ್ಲಿ ಕೂತು ಕಾಕಾನ ಪ್ರಶ್ನಾವಳಿ ತುಂಬಿಸತೊಡಗಿದೆ. ಯಾರಿಗೆ ಹಾಕುತ್ತೀರಿ ಎಂಬಲ್ಲಿಗೆ ಬಂದಾಗ ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಆಕಿಗೆ ಹೇಳಬ್ಯಾಡ. ನಾ ಮನ್ಯಾಗ ಹೇಳೂದು ಒಬ್ಬರ ಹೆಸರು, ಹಾಕೂದು ಇನ್ನೊಬ್ಬರಿಗೆ. ಆಕಿಗೆ ಹೇಳಿದ ಹೆಸರು ಆಕಿ ಅಪ್ಪನ ಕಾಲದ ಪಕ್ಷದ್ದು. ಆಕಿ ಮನಸ್ಸು ಯಾಕ ನೋಯಿಸೂದು?"

ನಾನು ಬರೆದುಕೊಂಡು ಒಳಗೆ ಹೋದೆ. ಅವರ ಹೆಂಡತಿ, ನನಗೆ ಕಾಕು, ರೊಟ್ಟಿ ಬಡಿಯುತ್ತಿದ್ದರು. ಅವರೂ ಅಂಗಳದ ಕಡೆ ಒಮ್ಮೆ ನೋಡಿದರು.

"ಅವರಿಗೆ ಹೇಳಬ್ಯಾಡವ್ವಾ. ಅವರು ಹೇಳಿದ ಹೆಸರಿಗೆ ಹೂಂ ಅಂತೀನಿ, ಆದ್ರ ಒಂದು ಸಲನೂ ಆ ಹೆಸರಿಗೆ ಹಾಕಿಲ್ಲ. ಪಾಪ, ಗೊತ್ತಾದ್ರ ಒಂದೊತ್ತು ಊಟ ಬಿಡ್ತಾರ."

ಗುಟ್ಟು ಬಿಟ್ಟುಕೊಡಬಾರದೆಂಬುದು ನಮ್ಮ ಸಂಶೋಧನೆಯ ಮೊದಲ ನಿಯಮ. ಆದ್ದರಿಂದ ಹೆಸರು, ಪಕ್ಷ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಎರಡೂ ಹಾಳೆಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ನನಗೆ ಕಣ್ಣು ತುಂಬಿ ಬಂತು. ನಲವತ್ತು ವರ್ಷಗಳಿಂದ ಇಬ್ಬರೂ ಒಬ್ಬರನ್ನೊಬ್ಬರು ವಂಚಿಸಿ ಒಂದೇ ಗುರುತಿಗೆ ಒತ್ತುತ್ತ ಬಂದಿದ್ದರು.

೫. ಡಂಬಳ ದಾಟಿದ ಮೇಲೆ

ಮರುದಿನ ಮಧ್ಯಾಹ್ನದ ಹೊತ್ತಿಗೆ ನಲವತ್ತೂ ಮುಗಿದವು. ಗದಗಿನ ಬಸ್ಸು ಹತ್ತಿದೆವು. ಒಂದು ಕಡೆ ಕಪ್ಪತಗುಡ್ಡದ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ನಾನು ವಾರದಲ್ಲಿ ಮೊದಲ ಸಲ ನಿರಾಳವಾಗಿ ಕಣ್ಣು ಮುಚ್ಚಿದೆ. ಡಂಬಳ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಬಸ್ಸು ನಿಂತಿತು. ಚುನಾವಣೆಯ ತಪಾಸಣೆ.

ಪೊಲೀಸ್ ಒಬ್ಬರು ಹತ್ತಿ ಅತ್ತೆಯ ಚೀಲ ಬಿಚ್ಚಿದರು. ಒಂದು ಖಣ ತೆಗೆದರು, ಎರಡು, ಐದು, ಹತ್ತು. ಒಟ್ಟು ಇಪ್ಪತ್ತಮೂರು.

"ಯಾರಿಗೆ ಹಂಚಾಕ ಒಯ್ಯಾಕತ್ತೀರಿ?"

"ಹಂಚಾಕ ಅಲ್ಲಪಾ, ಬಂದಾವು."

"ಎಲ್ಲಾರೂ ಹಂಗ ಹೇಳ್ತಾರ. ಇಳೀರಿ ಕೆಳಗ."

ರಸ್ತೆಯ ಬದಿ ಚಪ್ಪರದ ಕೆಳಗೆ ಒಬ್ಬ ಅಧಿಕಾರಿ ಕೂತಿದ್ದರು. ಉಳಿದ ದಿನಗಳಲ್ಲಿ ಅವರು ಶಾಲೆಯ ಶಿಕ್ಷಕಿಯಂತೆ. ಪಕ್ಕದಲ್ಲಿ ವಿಡಿಯೋ ಕ್ಯಾಮೆರಾ ಹಿಡಿದ ಒಬ್ಬಾತ. ಇಂಥ ತಪಾಸಣೆಯನ್ನೆಲ್ಲ ಚಿತ್ರೀಕರಿಸಿ ಇಡಬೇಕೆಂಬ ನಿಯಮವಿದೆ, ಅದಕ್ಕಾಗಿ ಊರಿನ ಮದುವೆ ವಿಡಿಯೋದವರನ್ನೇ ಕರೆಸಿರುತ್ತಾರೆ. ಅಧಿಕಾರಿ ಖಣಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ನನ್ನ ಪ್ರಶ್ನಾವಳಿಗಳನ್ನು ಓದಿ, ನನ್ನ ಮುಖ ನೋಡಿದರು.

"ಯಾವ ಮನ್ಯಾಗ ಎಷ್ಟು ವೋಟು, ಯಾರಿಗೆ ಹಾಕ್ತಾರ, ಎಲ್ಲಾ ಬರದೀರಿ. ಮ್ಯಾಲ ಚೀಲದ ತುಂಬ ಖಣ. ನಾ ಏನು ತಿಳಕೊಳ್ಳಲಿ, ನೀವ ಹೇಳ್ರಿ."

ನಾನು ವಿದ್ಯಾರ್ಥಿನಿ, ವಿಭಾಗದ ಪತ್ರವಿದೆ ಎಂದೆ. ಪತ್ರ ಹುಡುಕಿದರೆ ಅತ್ತೆ ಅದರಲ್ಲಿ ಕುಂಕುಮ ಕಟ್ಟಿಟ್ಟಿದ್ದಳು. ಮುಖ್ಯಸ್ಥರ ಸಹಿ, ಸಿಕ್ಕಾ ಎರಡೂ ಕೆಂಪಾಗಿ ಏನೂ ಕಾಣುತ್ತಿರಲಿಲ್ಲ. ಅಧಿಕಾರಿ ಪತ್ರವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೆಳಗಿಟ್ಟರು. "ಹಾಳಿ, ಖಣ ಎಲ್ಲಾ ಜಪ್ತಿ ಮಾಡಬೇಕಾಗತೈತಿ. ಎಲೆಕ್ಷನ್ ಮುಗಿದ ಮ್ಯಾಲ ಬಂದು ಬಿಡಿಸಿಕೊಳ್ರಿ."

ಮುಗಿದ ಮೇಲೆ ಎಂದರೆ ನನಗೆ ಒಂದು ವರ್ಷ. ಅತ್ತೆ ಮುಂದೆ ಬಂದಳು.

"ಮೇಡಮ್ಮಾರ, ಖಣ ಎಲ್ಲಾ ನೀವ ಇಟ್ಕೊರಿ. ಉತ್ತತ್ತಿನೂ ಇಟ್ಕೊರಿ. ಹುಡುಗಿ ಹಾಳಿ ಅಷ್ಟ ಕೊಟ್ಟುಬಿಡ್ರಿ. ಆಕಿ ವರ್ಷ ಅದರಾಗ ಐತಿ."

ಅಧಿಕಾರಿ ಒಂದು ಖಣ ಎತ್ತಿ ಹಿಡಿದರು. "ಇದು ಯಾರು ಕೊಟ್ಟದ್ದು?"

"ಶಿರಹಟ್ಟ್ಯಾಗ, ಬಾಳೆಹೊಸೂರಿನಾಕಿ."

"ಇದು?"

"ಮುಂಡರಗ್ಯಾಗ, ನಿನ್ನೆ ನಾವು ವಸ್ತಿ ಇದ್ದ ಮನಿ. ಬೇಕಾದ್ರ ಫೋನ್ ಹಚ್ಚಿ ಕೇಳ್ರಿ."

ಅಧಿಕಾರಿ ನಿಜವಾಗಿಯೂ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಖಣ ಇವರು ನಿಮಗೆ ಕೊಟ್ಟರೋ, ನೀವು ಇವರಿಗೆ ಕೊಟ್ಟಿರೋ ಎಂದು ಕೇಳಿದರು. ಮುಂಡರಗಿಯ ಕಾಕುಗೆ ಗಾಬರಿಯಾಯಿತು. "ನಾನ ಉಡಿ ತುಂಬೀನ್ರಿ. ಯಾಕ, ಬಣ್ಣ ಬಿಟ್ಟೈತೇನು? ಅಂಗಡಿಯವಾ ಗ್ಯಾರಂಟಿ ಅಂದಿದ್ದನಲ್ರಿ."

ಅಧಿಕಾರಿ ಫೋನ್ ಇಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. "ಮತದಾರರಿಗೆ ಕೊಡೋರನ್ನ ಹಿಡೀರಿ ಅಂತ ನಮಗ ಹೇಳಿ ಕಳಿಸ್ಯಾರ. ಮತದಾರರ ಕೊಟ್ಟು ಕಳಿಸಿದ್ರ ಯಾರನ್ನ ಹಿಡೀಬೇಕು ಅಂತ ಪುಸ್ತಕದಾಗ ಇಲ್ಲ." ಅವರು ಜಪ್ತಿಯ ಹಾಳೆಯನ್ನು ರದ್ದು ಮಾಡಿದರು. "ತಗೋರಿ, ನಿಮ್ಮ ಸಾಮಾನು. ಕೊಟ್ಟದ್ದೂ ವಿಡಿಯೋದಾಗ ಬರಬೇಕು. ಎಲ್ಲಿ, ಚೀಲ ಹಿಡೀರಿ."

ಚೀಲವನ್ನು ಪೊಲೀಸರು ತಪಾಸಣೆಯಲ್ಲಿ ಬುಡದವರೆಗೆ ಬಿಚ್ಚಿದ್ದರಿಂದ ಅದರ ಹೊಲಿಗೆ ಹೋಗಿತ್ತು. ಅತ್ತೆ ಬೇರೆ ದಾರಿ ಕಾಣದೆ ಸೆರಗು ಒಡ್ಡಿದಳು. ಎದುರಿಗೆ ಸೆರಗು ಒಡ್ಡಿದ ಮೇಲೆ ಅಧಿಕಾರಿಯ ಕೈ ತಾನೇ ತನ್ನ ದಾರಿ ಹಿಡಿಯಿತು. ಚಪ್ಪಲಿ ಬಿಟ್ಟು ಎದ್ದು ನಿಂತರು. ನನ್ನ ವಿಭಾಗದ ಪತ್ರದಿಂದ ಒಂದು ಚಿಟಿಕೆ ಕುಂಕುಮ ತೆಗೆದು ಅತ್ತೆಯ ಹಣೆಗೆ ಹಚ್ಚಿದರು. ಮೊದಲು ಅಕ್ಕಿ, ಆಮೇಲೆ ಕೊಬ್ಬರಿ, ಉತ್ತತ್ತಿ, ಇಪ್ಪತ್ತಮೂರು ಖಣ. ಎಲ್ಲದರ ಮೇಲೆ ನನ್ನ ನಲವತ್ತು ಪ್ರಶ್ನಾವಳಿಗಳನ್ನು ಎರಡೂ ಕೈಯಿಂದ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಮಸ್ಕಾರ ಮಾಡಿದರು. ಪೊಲೀಸರು ಟೊಪ್ಪಿಗೆ ತೆಗೆದಿದ್ದರು. ಬಸ್ಸಿನ ಕಿಟಕಿಯಲ್ಲಿ ಒಂದು ಸಾಲು ಹೆಂಗಸರು ಹಣೆಗೆ ಕೈ ಹಚ್ಚಿದರು.

ಕ್ಯಾಮೆರಾದವನು ಮಾತ್ರ ತಲೆ ಅಲ್ಲಾಡಿಸಿದ. "ಮೇಡಂ, ನಿಮ್ಮ ಕೈ ಅಡ್ಡ ಬಂತು. ಮೊದಲಿಂದ ಇನ್ನೊಮ್ಮೆ ತುಂಬ್ರಿ. ಅವ್ವಾರ, ನೀವು ಸ್ವಲ್ಪ ಈ ಕಡೆ ನೋಡಿ ನಗ್ರಿ."

ಹೀಗಾಗಿ ಚುನಾವಣೆಯ ದಾಖಲೆಯಲ್ಲಿ ನಮ್ಮ ಅತ್ತೆ ಎರಡು ಸಲ ಉಡಿ ತುಂಬಿಸಿಕೊಂಡಿದ್ದಾಳೆ. ಎರಡನೆಯದರಲ್ಲಿ ನಕ್ಕಿದ್ದಾಳೆ.